ಷಡ್ಜ ಯಾವುದು, ಅದನ್ನ ಹೇಳು

“ಏಳು ಬೇರೆ ಬೇರೆ ಅಂತೀಯ. ನನ್ನ ಕಿವಿಗೆ ಏಳೂ ಒಂದೇ ಕೇಳ್ತಿದೆಯಲ್ಲೋ.”

“ಒಂದೇ ಅಲ್ಲ ಅತ್ತೆ. ಇದು ಅಯೋನಿಯನ್, ಇದು ಡೋರಿಯನ್, ಇದು ಫ್ರಿಜಿಯನ್. ಶುರು ಮಾಡೋ ಫ್ರೆಟ್ ಬೇರೆ, ಬೆರಳು ಕೂರೋ ರೀತಿ ಬೇರೆ.”

“ಬೆರಳು ಓಡಾಡಿದ್ದು ಕಾಣ್ತು. ಷಡ್ಜ ಯಾವುದು, ಅದನ್ನ ಹೇಳು.”

ಹುಡುಗ ಉತ್ತರ ಕೊಡುವ ಮೊದಲು ಗಿಟಾರಿನ ಕುತ್ತಿಗೆಯನ್ನೊಮ್ಮೆ ನೋಡಿಕೊಂಡ. ಚನ್ನಗಿರಿಯ ಆ ಮನೆಯಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಹಿತ್ತಲಲ್ಲಿ ಸುಲಿಯುವ ಯಂತ್ರ ಓಡುತ್ತಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಅವನ ಜೊತೆಗೆ ಎಲೆಕ್ಟ್ರಿಕ್ ಗಿಟಾರೂ ಪುಟ್ಟ ಆಂಪ್ಲಿಫೈಯರೂ ಬಂದಿದ್ದವು. ಅತ್ತೆ, ಅವನ ತಂದೆಯ ಅಕ್ಕ, ಶಾಲೆಯಲ್ಲಿ ಸಂಗೀತ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಈಗಲೂ ಸಂಜೆ ಹೊತ್ತು ಮಕ್ಕಳಿಗೆ ವೀಣೆ ಹೇಳಿಕೊಡುತ್ತಾರೆ.

ಲೀಡ್ ಗಿಟಾರ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಬಂದು ಸೇರುವ ಅಭ್ಯಾಸ ಅವನದು. ಪಾಶ್ಚಾತ್ಯ ಮೇಜರ್ ಸ್ಕೇಲಿನಲ್ಲಿ ಏಳು ಸ್ವರ. ಮೊದಲನೆಯದರಿಂದ ಹತ್ತಿದರೆ ಒಂದು ಮೋಡ್, ಎರಡನೆಯದರಿಂದ ಹತ್ತಿದರೆ ಇನ್ನೊಂದು, ಹೀಗೆ ಏಳು. ಒಂದೊಂದು ತಂತಿಗೆ ಮೂರು ಸ್ವರದಂತೆ ಏಳು ನಕ್ಷೆಗಳನ್ನು ಚುಕ್ಕಿ ಇಟ್ಟು ಬರೆದಿರುತ್ತಾರೆ. ಕಲಿಯುವವರು ಆ ಚುಕ್ಕಿಗಳನ್ನು ಬಾಯಿಪಾಠ ಮಾಡಿ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಿಸುತ್ತಾರೆ. ಬೆರಳಿಗೆ ಬಲ ಬರುತ್ತದೆ, ವೇಗವೂ ಬರುತ್ತದೆ. ಕಿವಿಗೆ ಏನು ಬಂತು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಅತ್ತೆ ಕೇಳಿದ್ದು ಅದನ್ನೇ.

“ಡೋರಿಯನ್‌ಗೆ ಡಿ ಷಡ್ಜ,” ಎಂದ ಹುಡುಗ. “ಸಿ ಮೇಜರ್‌ನ ಎರಡನೇ ಸ್ವರ.”

“ಹಂಗಾದ್ರೆ ಆ ಡಿ ನಿನ್ನ ಕಿವಿಲಿ ನಿಂತಿರಬೇಕಲ್ಲ? ನೀನು ಸಿ ಇಂದ ಸಿ ನುಡಿಸಿದಾಗ ಕೇಳಿದ ಸಿ ಇನ್ನೂ ಕೋಣೆ ತುಂಬಾ ಇದೆ. ಅದರ ಮೇಲೆ ಡಿ ಇಂದ ಡಿ ಓಡಿಸಿದ್ರೆ ನನಗೆ ಶಂಕರಾಭರಣದ ರಿಷಭದಿಂದ ರಿಷಭ ಕೇಳುತ್ತೆ, ಅಷ್ಟೇ.”

ಮಾತು ಮುಗಿಸದೆ ಎದ್ದು ಮೂಲೆಯಲ್ಲಿದ್ದ ಎಲೆಕ್ಟ್ರಾನಿಕ್ ತಂಬೂರಿ ತಂದರು. ಬೆಂಗಳೂರಿನ ರಾಡೆಲ್ ಸಂಸ್ಥೆಯದು. ಸಂಗೀತಗಾರರ ಅದೆಷ್ಟೋ ಮನೆಗಳಲ್ಲಿ ಮರದ ತಂಬೂರಿಯ ಜಾಗದಲ್ಲಿ ಈಗ ಅದೇ ಇದೆ. ಶ್ರುತಿಯನ್ನು ಡಿಗೆ ತಿರುಗಿಸಿ, “ಈಗ ಮತ್ತೆ ನುಡಿಸು, ನಿಧಾನ,” ಎಂದರು.

ನಕ್ಷೆ ಅದೇ, ಬೆರಳು ಅದೇ. ಕೇಳಿಸಿದ್ದು ಬೇರೆ. ಮೂರನೇ ಸ್ವರ ತಗ್ಗಿ, ಆರನೆಯದು ಎತ್ತರದಲ್ಲೇ ಉಳಿದು, ಹುಡುಗ ತಿಂಗಳುಗಟ್ಟಲೆ ಉಜ್ಜಿದ ಸ್ವರಗಳಿಗೆ ಬೇರೆಯೇ ಬಣ್ಣ ಬಂತು. ಅತ್ತೆ ಶ್ರುತಿಯನ್ನು ಇಗೆ ತಿರುಗಿಸಿದರು. ಅದೇ ಸ್ವರಗಳು ತೋಡಿಯ ಮೇಳಕ್ಕೆ ಹೊರಳಿದವು. ಎಫ್‌ಗೆ ತಿರುಗಿಸಿದರು, ಕಲ್ಯಾಣಿ.

“ಇದಕ್ಕೆ ನಮ್ಮಲ್ಲಿ ಗ್ರಹಭೇದ ಅಂತಾರೆ ಕಣೋ. ಸ್ವರ ಇದ್ದಲ್ಲೇ ಇರುತ್ತೆ, ಷಡ್ಜ ಜಾಗ ಬದಲಿಸುತ್ತೆ. ಶಂಕರಾಭರಣದ ರಿಷಭವನ್ನ ಷಡ್ಜ ಮಾಡಿದ್ರೆ ಖರಹರಪ್ರಿಯ, ಗಾಂಧಾರಕ್ಕೆ ಹನುಮತೋಡಿ, ಮಧ್ಯಮಕ್ಕೆ ಮೇಚಕಲ್ಯಾಣಿ, ಪಂಚಮಕ್ಕೆ ಹರಿಕಾಂಭೋಜಿ, ಧೈವತಕ್ಕೆ ನಟಭೈರವಿ.”

“ನಿಷಾದಕ್ಕೆ ಲೋಕ್ರಿಯನ್.”

“ಅದನ್ನ ನುಡಿಸಿ ನೋಡು.”

ಶ್ರುತಿ ಬಿಗೆ ಬಂತು. ಹುಡುಗ ಐದನೇ ಸ್ವರಕ್ಕೆ ಬರುತ್ತಲೇ ಕಿವಿ ಮುದುಡಿತು. ತಂಬೂರಿ ಶುದ್ಧ ಪಂಚಮ ಹಿಡಿದಿದೆ, ಗಿಟಾರ್ ಅದಕ್ಕಿಂತ ಅರ್ಧ ಸ್ವರ ಕೆಳಗೆ ನಿಂತಿದೆ. ಪಂಚಮವೇ ಇಲ್ಲದ ಈ ಏಳನೆಯದಕ್ಕೆ 72 ಮೇಳಕರ್ತಗಳಲ್ಲಿ ಸ್ಥಾನವಿಲ್ಲ. ಯುರೋಪಿನಲ್ಲೂ ಅದರ ಗತಿ ಅಷ್ಟೇ ಆಗಿತ್ತು. ಸ್ವಿಸ್ ವಿದ್ವಾಂಸ ಗ್ಲಾರಿಯಾನಸ್ 1547ರಲ್ಲಿ ಪ್ರಕಟಿಸಿದ ‘ದೋದೆಕಕೋರ್ಡನ್’ ಗ್ರಂಥದಲ್ಲಿ ಹನ್ನೆರಡು ಮೋಡ್‌ಗಳನ್ನು ಒಪ್ಪಿಕೊಂಡು, ಶುದ್ಧ ಪಂಚಮ ಸಿಗದ ಇದನ್ನು ಪಕ್ಕಕ್ಕಿಟ್ಟ. ಅಯೋನಿಯನ್, ಅಯೋಲಿಯನ್ ಎಂಬ ಮೋಡ್‌ಗಳನ್ನು ಸೇರಿಸಿದವನೂ ಅವನೇ. ಆ ಹೊತ್ತಿಗೆ ಪುರಂದರದಾಸರು ಇನ್ನೂ ಬದುಕಿದ್ದರು. ಮುಂದಿನ ಶತಮಾನದಲ್ಲಿ ತಂಜಾವೂರಿನಲ್ಲಿ ವೆಂಕಟಮಖಿ ‘ಚತುರ್ದಂಡಿ ಪ್ರಕಾಶಿಕೆ’ ಬರೆದು 72 ಮೇಳಗಳ ಲೆಕ್ಕ ಹಾಕಿದಾಗ, ತಮ್ಮ ಕಾಲದಲ್ಲಿ ಬಳಕೆಯಲ್ಲಿದ್ದ 19ನ್ನು ಮಾತ್ರ ವಿವರಿಸಿದರು.

“ಅವರ ತಂದೆ ಗೋವಿಂದ ದೀಕ್ಷಿತರು ಕನ್ನಡದವರು,” ಎಂದರು ಅತ್ತೆ. “ಆ ಮನೆತನ ನಮ್ಮ ಹೊನ್ನಾಳಿ ಕಡೆಯಿಂದ ಹೋಗಿದ್ದು ಅಂತಾರೆ. ನೀನು ದೂರದಿಂದ ತಂದಿದೀನಿ ಅಂದ್ಕೊಂಡಿರೋ ಲೆಕ್ಕ ಇಲ್ಲಿಗೆ ಹೊಸದಲ್ಲ.”

“ಹಾಗಾದ್ರೆ ಈ ಏಳು ನಕ್ಷೆ ಕಲ್ತಿದ್ದು ದಂಡವಾ?”

“ದಂಡ ಅಲ್ಲ. ಅರ್ಧ ಆಗಿದೆ. ಇನ್ನರ್ಧಕ್ಕೆ ಷಡ್ಜ ಕದಲಿಸಬೇಡ. ಡಿ ಒಂದೇ ಇಟ್ಕೊಂಡು, ಆ ಲೋಕ್ರಿಯನ್ ಬಿಟ್ಟು ಉಳಿದ ಆರನ್ನೂ ನುಡಿಸು.”

ಇಲ್ಲಿಂದ ಇಬ್ಬರೂ ಸೇರಿ ಕಟ್ಟಿದ ಪಾಠ ನಿಜಕ್ಕೂ ಸೊಗಸಾದದ್ದು. ಕಲ್ಯಾಣಿಯಿಂದ, ಗಿಟಾರಿನವರ ಮಾತಲ್ಲಿ ಲಿಡಿಯನ್‌ನಿಂದ ಶುರು. ಅದರ ಮಧ್ಯಮವನ್ನು ಒಂದು ಫ್ರೆಟ್ ಇಳಿಸಿದರೆ ಶಂಕರಾಭರಣ, ಅಂದರೆ ಅಯೋನಿಯನ್. ನಿಷಾದ ಇಳಿಸಿದರೆ ಹರಿಕಾಂಭೋಜಿ, ಮಿಕ್ಸೊಲಿಡಿಯನ್. ಗಾಂಧಾರ ಇಳಿಸಿದರೆ ಖರಹರಪ್ರಿಯ, ಡೋರಿಯನ್. ಧೈವತ ಇಳಿಸಿದರೆ ನಟಭೈರವಿ, ಅಯೋಲಿಯನ್. ರಿಷಭ ಇಳಿಸಿದರೆ ತೋಡಿ, ಫ್ರಿಜಿಯನ್. ಒಂದು ಸಲಕ್ಕೆ ಒಂದೇ ಸ್ವರ, ಒಂದೇ ಫ್ರೆಟ್. ಹೀಗೆ ಇಳಿಯುತ್ತ ಹೋದಂತೆ ಬೆಳಕು ಕಡಿಮೆಯಾಗುತ್ತ ಬರುವುದು ಯಾರ ಕಿವಿಗಾದರೂ ತಿಳಿಯುತ್ತದೆ. ಅತ್ತೆ ಮೇಳಕರ್ತ ಸಂಖ್ಯೆಗಳನ್ನು ಬೆರಳು ಮಡಿಸಿ ಎಣಿಸಿದರು: 65, 29, 28, 22, 20, 8. ಸಂಖ್ಯೆಯೂ ಇಳಿಯುತ್ತಲೇ ಹೋಗುತ್ತದೆ. ಏಳು ನಕ್ಷೆಗಳನ್ನು ಒಂದರ ಹಿಂದೆ ಒಂದರಂತೆ ಓಡಿಸುವುದಕ್ಕಿಂತ ಈ ಕ್ರಮ ಹತ್ತು ಪಟ್ಟು ಒಳ್ಳೆಯದು. ಯಾವ ಸ್ವರ ಯಾವ ಮೋಡ್‌ನ ಗುರುತು ಎಂಬುದನ್ನು ಇಲ್ಲಿ ಕಿವಿಯೇ ಹಿಡಿಯಬೇಕು. ನಕ್ಷೆ ನೋಡಿ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಆದರೆ ಹುಡುಗನ ಕೈಯಲ್ಲೂ ವಾದವಿತ್ತು.

“ನಿಮ್ಮಲ್ಲಿ ಷಡ್ಜ ತಂಬೂರಿ ಹಿಡಿದಿರುತ್ತೆ ಅತ್ತೆ. ನಮ್ಮಲ್ಲಿ ಕಾರ್ಡ್ ಹಿಡಿಯುತ್ತೆ.” ಎ ಮೈನರ್, ಡಿ ಎರಡೇ ಕಾರ್ಡ್‌ಗಳನ್ನು ಲೂಪರ್ ಪೆಡಲ್‌ನಲ್ಲಿ ಸುತ್ತಲು ಬಿಟ್ಟು ಅದರ ಮೇಲೆ ನುಡಿಸಿದ. “ಟಿಟೊ ಪುಯೆಂಟೆ ಬರೆದ ‘ಓಯೆ ಕೊಮೊ ವಾ’ವನ್ನ ಸಾಂಟಾನಾ 1970ರಲ್ಲಿ ಹೀಗೇ ನುಡಿಸಿದ್ದು. ಡಿ ಕಾರ್ಡ್‌ನಲ್ಲಿ ಎಫ್ ಶಾರ್ಪ್ ಇದೆ. ಎ ಗೆ ಅದು ಚತುಶ್ರುತಿ ಧೈವತ. ಕಾರ್ಡೇ ಡೋರಿಯನ್ ಅಂತ ಹೇಳಿಕೊಡುತ್ತೆ.”

ಅತ್ತೆ ಎರಡು ಸುತ್ತು ಸುಮ್ಮನೆ ಕೇಳಿದರು. “ಹೌದು, ಧೈವತ ಬಂದಾಗ ಮುಖ ಅರಳುತ್ತೆ. ಇದು ನಮ್ಮಲ್ಲಿಲ್ಲ.”

“ಇನ್ನೊಂದು ಕೇಳಿ. ಮೈಲ್ಸ್ ಡೇವಿಸ್‌ದು, 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ‘ಸೋ ವಾಟ್’. ಹದಿನಾರು ಬಾರ್ ಡಿ ಡೋರಿಯನ್. ಆಮೇಲೆ ಎಂಟು ಬಾರ್ ಷಡ್ಜವೇ ಅರ್ಧ ಸ್ವರ ಮೇಲೆ ಹೋಗುತ್ತೆ, ಮತ್ತೆ ಎಂಟು ಬಾರ್ ವಾಪಸ್ ಡಿಗೆ.”

“ಷಡ್ಜ ಹೊತ್ಕೊಂಡು ಹೋಗ್ತಾರಾ!” ಅತ್ತೆಗೆ ಅಚ್ಚರಿ. “ಹಂಗಾದ್ರೆ ನಿನಗೆ ನನಗಿಂತ ಹೆಚ್ಚು ಕಿವಿ ಬೇಕು. ಆ ಎಂಟಕ್ಕೆ ಹೋದಾಗ ಹೊಸ ಷಡ್ಜ ತಕ್ಷಣ ಸಿಗಬೇಕಲ್ಲ.”

ಮೋಡ್ ಅಭ್ಯಾಸದ ಮರ್ಮವನ್ನು ಇಷ್ಟು ಚೆನ್ನಾಗಿ ಹೇಳುವ ಗಿಟಾರ್ ಪುಸ್ತಕ ಸಿಗುವುದು ಕಷ್ಟ.

ಮುಂದಿನ ಪ್ರಶ್ನೆ ಅಭ್ಯಾಸದ ಸಾಮಗ್ರಿಯದು. ಸ್ಕೇಲನ್ನು ನೆಟ್ಟಗೆ ಹತ್ತಿ ಇಳಿಯುವುದು ಬೇಗ ಬೇಸರ ತರಿಸುತ್ತದೆ. ಅದನ್ನೇ ಕಲಿತವರು ಸೋಲೊ ನುಡಿಸುವಾಗಲೂ ಹತ್ತಿ ಇಳಿಯುವುದನ್ನೇ ಮಾಡುತ್ತಾರೆ. ಅದಕ್ಕೆ ರಾಕ್ ಗಿಟಾರಿನವರು ಸ್ವರಗಳನ್ನು ಗುಂಪು ಮಾಡಿ ನುಡಿಸುತ್ತಾರೆ. ಒಂದು ಎರಡು ಮೂರು ನಾಲ್ಕು, ಎರಡು ಮೂರು ನಾಲ್ಕು ಐದು, ಹೀಗೆ. ಹುಡುಗ ಅದನ್ನು ನುಡಿಸಿ ತೋರಿಸಿದಾಗ ಅತ್ತೆ ತೊಡೆ ತಟ್ಟಿ ತಾಳ ಹಾಕುತ್ತ ಜೊತೆಗೆ ಹಾಡಿಯೇಬಿಟ್ಟರು: ಸರಿಗಮ, ರಿಗಮಪ, ಗಮಪದ, ಮಪದನಿ.

“ಏಕತಾಳದ ಅಲಂಕಾರ ಇದು! ನಮ್ಮ ಮಕ್ಕಳು ಮೊದಲ ವರ್ಷವೇ ಕಲಿಯೋದು.”

“ಉಳಿದವೂ ಹೀಗೇ ಇವೆಯಾ?”

“ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಆಮೇಲೆ ಏಳು ತಾಳಕ್ಕೆ ಏಳು ಅಲಂಕಾರ. ಕಲಿಕೆಯ ಈ ಕ್ರಮ ಹಾಕಿಕೊಟ್ಟೋರು ಪುರಂದರದಾಸರು ಅಂತಲೇ ನಮಗೆಲ್ಲ ಪಾಠ. ವೀಣೆಗೆ, ಪಿಟೀಲಿಗೆ, ಕೊಳಲಿಗೆ ಎಲ್ಲಕ್ಕೂ ಇದೇ. ಗಿಟಾರಿಗೆ ಬೇಡ ಅಂತ ಯಾರು ಹೇಳಿದ್ರು?”

ಜಂಟಿ ವರಸೆ ಗಿಟಾರಿನ ಮೇಲೆ ಬಂದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಸಸ ರಿರಿ ಗಗ ಮಮ ಎಂದು ಜೋಡಿ ಸ್ವರ. ಹಾಡುವವರು ಎರಡನೇ ಸ್ವರಕ್ಕೆ ಒತ್ತು ಕೊಡಬೇಕು. ಪಿಕ್ ಹಿಡಿದ ಕೈ ಕೆಳಕ್ಕೊಮ್ಮೆ ಮೇಲಕ್ಕೊಮ್ಮೆ ಆಡುವಾಗ ಜೋಡಿಯ ಎರಡನೇ ಸ್ವರ ಯಾವಾಗಲೂ ಮೇಲ್ಮೀಟಿಗೆ ಬರುತ್ತದೆ. ಬಹುಪಾಲು ಗಿಟಾರ್ ಕಲಿಯುವವರ ಬಡ ಮೀಟು ಅದೇ. ಒತ್ತು ಅಲ್ಲಿಗೇ ಬೀಳುವಂತೆ ದಿನವೂ ನುಡಿಸಿದರೆ ಎರಡೂ ದಿಕ್ಕಿನ ಮೀಟು ಸಮವಾಗುತ್ತದೆ.

ತ್ರಿಪುಟ ತಾಳದ ಅಲಂಕಾರ ಇನ್ನೂ ಚೆಂದ. ಸರಿಗ ಸರಿಗಮ, ರಿಗಮ ರಿಗಮಪ. ಸುತ್ತಿಗೆ ಏಳು ಅಕ್ಷರ. ಮಕ್ಕಳಿಗೆ ಕಲಿಸುವ ಏಳು ಅಲಂಕಾರಗಳಲ್ಲಿ ಧ್ರುವ 14, ಮಠ್ಯ 10, ರೂಪಕ 6, ಝಂಪೆ 10, ಅಟ್ಟ 14, ಏಕ 4. ಬೆಸ ಸಂಖ್ಯೆ ತ್ರಿಪುಟಕ್ಕೆ ಮಾತ್ರ. ಹಾಗಾಗಿ ಪಿಕ್ ಮೊದಲ ಸುತ್ತನ್ನು ಕೆಳಮೀಟಿನಲ್ಲಿ ಶುರು ಮಾಡಿದರೆ ಎರಡನೆಯದು ಮೇಲ್ಮೀಟಿನಲ್ಲಿ ಶುರುವಾಗುತ್ತದೆ, ಮೂರನೆಯದು ಮತ್ತೆ ಕೆಳಮೀಟಿನಲ್ಲಿ. ಹುಡುಗ ಮೂರನೇ ಸುತ್ತಿನಲ್ಲೇ ಎಡವಿದ.

“ಕಾಲ ಇಳಿಸು,” ಎಂದರು ಅತ್ತೆ. “ಮೊದಲನೇ ಕಾಲದಲ್ಲಿ ಸರಿ ಬರದೆ ಎರಡನೇ ಕಾಲಕ್ಕೆ ಹೋಗಬೇಡ.”

ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಏಟಿಗೆ ಒಂದು ಸ್ವರ. ಅದು ಶುದ್ಧವಾದ ಮೇಲೆ ಎರಡು, ಆಮೇಲೆ ನಾಲ್ಕು. ವೇಗಮಾಪಕದ ಸಂಖ್ಯೆ ಏರಿಸುವ ಚಟದಲ್ಲಿ ಗಿಟಾರ್ ಹುಡುಗರು ಮರೆಯುವುದು ಇದನ್ನೇ: ಮೂರು ಕಾಲದಲ್ಲೂ ತಾಳ ಒಂದೇ ವೇಗದಲ್ಲಿರುತ್ತದೆ, ಅದರೊಳಗೆ ಸ್ವರಗಳು ಮಾತ್ರ ದಟ್ಟವಾಗುತ್ತವೆ. ಲಯ ಗಟ್ಟಿಯಾಗುವುದು ಹಾಗೆ.

ಸ್ವರಗಳನ್ನು ಹಾರಿ ಹಾರಿ ನುಡಿಸುವ ದಾಟು ವರಸೆಯಲ್ಲಿ ಹುಡುಗನಿಗೆ ತಂತಿ ಬದಲಿಸುವ ಕಷ್ಟ ಎದುರಾಯಿತು. ಗಿಟಾರಿನ ತಂತಿಗಳ ನಡುವೆ ಐದೈದು ಅರ್ಧ ಸ್ವರದ ಅಂತರ. ಮೂರನೇ ಮತ್ತು ಎರಡನೇ ತಂತಿಯ ನಡುವೆ ಮಾತ್ರ ನಾಲ್ಕು. ಅಲ್ಲಿ ದಾಟುವಾಗ ಎಲ್ಲ ನಕ್ಷೆಯೂ ಒಂದು ಫ್ರೆಟ್ ಜರುಗುತ್ತದೆ. ಕಿವಿ ತಯಾರಿದ್ದವರಿಗೆ ಮಾತ್ರ ಈ ಜರುಗು ಹೊರೆಯಾಗುವುದಿಲ್ಲ.

“ಇದನ್ನೆಲ್ಲ ಡೋರಿಯನ್‌ನಲ್ಲಿ ಶುರು ಮಾಡಲಾ?”

“ಮಾಯಾಮಾಳವಗೌಳದಲ್ಲಿ ಮಾಡು. ಹದಿನೈದನೇ ಮೇಳ. ಪೂರ್ವಾಂಗ ಉತ್ತರಾಂಗ ಎರಡೂ ಒಂದೇ ಅಳತೆ.”

ಹುಡುಗ ಲೆಕ್ಕ ಹಾಕಿದ. ಸ ಇಂದ ರಿಗೆ ಒಂದು ಫ್ರೆಟ್, ರಿ ಇಂದ ಗಗೆ ಮೂರು, ಗ ಇಂದ ಮಗೆ ಒಂದು. ಪ ಇಂದ ಮೇಲಿನ ಸ ವರೆಗೂ ಮತ್ತೆ ಒಂದು, ಮೂರು, ಒಂದು. ಆರನೇ ತಂತಿಯ ಮೂರನೇ ಫ್ರೆಟ್ಟನ್ನು ಷಡ್ಜ ಮಾಡಿಕೊಂಡರೆ 3, 4, 7, 8ರಲ್ಲಿ ಸರಿಗಮ. ಐದನೇ ತಂತಿಯ 5, 6, 9, 10ರಲ್ಲಿ ಪದನಿಸ. ಆಕಾರ ಅದೇ, ಎರಡು ಫ್ರೆಟ್ ಮುಂದಕ್ಕೆ. ಎಡಗೈಯ ನಾಲ್ಕು ಬೆರಳೂ ಚಾಚಿಕೊಳ್ಳಬೇಕಾದ ಈ ಆಕಾರ ಕೈಯನ್ನು ಹದಗೊಳಿಸುತ್ತದೆ. ಇದೇ ಸ್ವರಮಾಲೆಯನ್ನು ಅಮೆರಿಕದ ಡಿಕ್ ಡೇಲ್ 1962ರಲ್ಲಿ ‘ಮಿಸಿರ್ಲೂ’ ಎಂಬ ಹಳೆಯ ಪೂರ್ವ ಮೆಡಿಟರೇನಿಯನ್ ಧಾಟಿಯಲ್ಲಿ, ಒಂದೇ ತಂತಿಯ ಮೇಲೆ ಅತಿವೇಗದ ಮೀಟಿನಿಂದ ನುಡಿಸಿ ಹೆಸರಾದ. ಬಿಟ್ಟ ತಂತಿಯಿಂದ ಹಿಡಿದು 0, 1, 4, 5, 7, 8, 11, 12ನೇ ಫ್ರೆಟ್‌ಗಳು. ಹುಡುಗ ನುಡಿಸಿದಾಗ ಅತ್ತೆಯ ಶಿಷ್ಯೆಯೊಬ್ಬಳು ಪಾಠ ಬಿಟ್ಟು ಓಡಿಬಂದು ಬಾಗಿಲಲ್ಲಿ ನಿಂತಳು.

“ಹಾಗಾದ್ರೆ ಡೋರಿಯನ್ ಅಂದ್ರೆ ಖರಹರಪ್ರಿಯ ಅಂತ ಹೇಳಿಬಿಡಬಹುದು,” ಎಂದ ಹುಡುಗ ಉತ್ಸಾಹದಿಂದ.

“ಹೇಳಬೇಡ.” ಅತ್ತೆಯ ದನಿ ಗಟ್ಟಿಯಾಯಿತು. “ಮೇಳದ ಸ್ವರ ಒಂದೇ. ರಾಗ ಬೇರೆ ಮಾತು.” ವೀಣೆ ಎಳೆದುಕೊಂಡು ರಿಷಭದ ಮೆಟ್ಟಿಲಲ್ಲಿ ಮೀಟಿ, ತಂತಿಯನ್ನು ಪಕ್ಕಕ್ಕೆ ಎಳೆದು ಗಾಂಧಾರ ನುಡಿಸಿದರು. ಆ ಗಾಂಧಾರ ನಿಲ್ಲಲಿಲ್ಲ, ತೂಗಿತು. “ಇದು ಖರಹರಪ್ರಿಯದ ಗಾಂಧಾರ. ನಿನ್ನ ಫ್ರೆಟ್ ಮೇಲೆ ನೆಟ್ಟಗೆ ನಿಂತಿರೋದು ಅದಲ್ಲ.”

“ಬೆಂಡ್ ಮಾಡಿದ್ರೆ ಬರುತ್ತೆ.”

“ಮಾಡು. ನಿನ್ನಲ್ಲೂ ಇಪ್ಪತ್ನಾಲ್ಕು, ನನ್ನಲ್ಲೂ ಇಪ್ಪತ್ನಾಲ್ಕು. ಮೆಟ್ಟಿಲು ಇದೆ ಅಂತ ವೀಣೆಗೆ ಗಮಕ ತಪ್ಪಿಲ್ಲವಲ್ಲ.”

ಬೆಂಡ್ ಅಭ್ಯಾಸಕ್ಕೂ ಒಂದು ಕ್ರಮವಿದೆ. ಮುಟ್ಟಬೇಕಾದ ಸ್ವರವನ್ನು ಮೊದಲು ಅದರದೇ ಫ್ರೆಟ್‌ನಲ್ಲಿ ನುಡಿಸಿ ಕೇಳಿಕೊಳ್ಳಬೇಕು. ಆಮೇಲೆ ಎರಡು ಫ್ರೆಟ್ ಹಿಂದೆ ಸರಿದು, ತಂತಿ ಎಳೆದು ಅದೇ ಎತ್ತರಕ್ಕೆ ತರಬೇಕು. ಇಂಗ್ಲೆಂಡಿನ ಜಾನ್ ಮೆಕ್ಲಾಫ್ಲಿನ್ ಈ ದಾರಿಯಲ್ಲಿ ಬಹಳ ದೂರ ಹೋದವರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತು, ‘ಶಕ್ತಿ’ ತಂಡಕ್ಕಾಗಿ ಫ್ರೆಟ್‌ಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿದ ಗಿಟಾರ್ ಮಾಡಿಸಿಕೊಂಡರು. ವೀಣೆಯಲ್ಲಿ ಹೇಗೋ ಹಾಗೆ ಬೆರಳು ಮರಕ್ಕೆ ತಾಗದೆ ತಂತಿ ಸಲೀಸಾಗಿ ಎಳೆಯಲು ಬರುತ್ತದೆ. 1970ರ ದಶಕದಲ್ಲಿ ಹುಟ್ಟಿದ ಆ ತಂಡಕ್ಕೆ ‘ದಿಸ್ ಮೊಮೆಂಟ್’ ಆಲ್ಬಮ್ಮಿಗಾಗಿ 2024ರಲ್ಲಿ ಗ್ರ್ಯಾಮಿ ಬಂತು.

ಹೊರಗಿನ ವಾದ್ಯ ಎಂಬ ಮಾತಿಗೆ ಕರ್ನಾಟಕದಲ್ಲಿ ಎಂದೂ ಹೆಚ್ಚು ಬೆಲೆ ಇರಲಿಲ್ಲ. ಪಿಟೀಲಿಗೆ ಏಳು ತಂತಿ ಕಟ್ಟಿದ ಮೈಸೂರು ಚೌಡಯ್ಯ ನಮ್ಮವರು. ಸ್ಯಾಕ್ಸೊಫೋನಿನಲ್ಲಿ ಗಮಕ ತೆಗೆದ ಕದ್ರಿ ಗೋಪಾಲನಾಥ್ ನಮ್ಮವರು. ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ಕಾಲದಿಂದ ಈ ಸೀಮೆಯ ಜನ ಹಾರ್ಮೋನಿಯಂ ಕೇಳುತ್ತ ಬೆಳೆದವರು. ಗಿಟಾರ್ ಕೂಡ ಕನ್ನಡದ ಕಿವಿಗೆ ಹಳೆಯ ನಂಟು: ಮದರಾಸಿನಲ್ಲಿ ಜಿ.ಕೆ. ವೆಂಕಟೇಶರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತ, ಅವರಿಗೆ ಸಹಾಯಕರಾಗಿ ದುಡಿದವರು ಇಳಯರಾಜ. 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ.

“ನಾನು ಹೈಸ್ಕೂಲಲ್ಲಿದ್ದಾಗ ಗಿಟಾರ್ ಹಿಡ್ಕೊಂಡು ಒಂದು ಕಡೆ ಪಾಠಕ್ಕೆ ಹೋಗಿದ್ದೆ ಅತ್ತೆ,” ಎಂದ ಹುಡುಗ. “ಇದಕ್ಕೆ ಇಲ್ಲಿ ಪಾಠ ಇಲ್ಲ ಅಂದ್ರು. ಆಮೇಲೆ ಫೋನ್ ನೋಡ್ಕೊಂಡೇ ಕಲಿತೆ.”

“ನನ್ನ ಹತ್ರ ಯಾಕೆ ಬರಲಿಲ್ಲ?”

“ನೀವೂ ಅದನ್ನೇ ಹೇಳ್ತೀರ ಅಂದ್ಕೊಂಡೆ.”

ಅತ್ತೆ ತಂಬೂರಿಯ ಶ್ರುತಿ ಸರಿ ಮಾಡುತ್ತ, “ನಾಳೆ ಬೆಳಿಗ್ಗೆ ಸರಳೆಯಿಂದ,” ಎಂದರು. “ಮೊದಲು ಹಾಡಬೇಕು, ಆಮೇಲೆ ನುಡಿಸಬೇಕು. ಹಾಡೋಕೆ ಬರದ ಸ್ವರ ಬೆರಳಿಗೂ ಬರಲ್ಲ.”

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಹಾಡು, ವೀಣೆ, ಪಿಟೀಲು, ಹಾರ್ಮೋನಿಯಂ ಹೇಳಿಕೊಡುವ ಮೇಷ್ಟ್ರು, ಟೀಚರುಗಳಲ್ಲಿ ಒಂದು ವಿನಂತಿ. ಗಿಟಾರ್ ಹೆಗಲಿಗೇರಿಸಿ ಬಂದ ಮಗುವನ್ನು ವಾಪಸ್ ಕಳಿಸಬೇಡಿ. ನಿಮಗೆ ಗಿಟಾರ್ ನುಡಿಸಲು ಬರಬೇಕಾಗಿಲ್ಲ. ಶ್ರುತಿ ಹಾಕಿ, ತಾಳ ಹಿಡಿದು, ಉಳಿದ ಮಕ್ಕಳ ಜೊತೆ ಕೂರಿಸಿ ಸರಳೆ, ಜಂಟಿ, ಅಲಂಕಾರ ಹೇಳಿಕೊಡಿ. ಫ್ರೆಟ್ ಯಾವುದೆಂದು ಆ ಮಗುವೇ ಹುಡುಕಿಕೊಳ್ಳುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಏಳು ನಕ್ಷೆ ಓಡಿಸುತ್ತಿರುವ ಹುಡುಗ ಹುಡುಗಿಯರೂ ಹತ್ತಿರದ ಸಂಗೀತ ಪಾಠದ ಮನೆಯ ಬಾಗಿಲು ತಟ್ಟಿ, ಕೇಳಿ ನೋಡಲಿ.